ಸುರಪುರದ ಕಲ್ಲುಗಳಿಂದ ಯಾದಗಿರಿಯ ನಕ್ಷೆಯವರೆಗೆ: ಮುಕ್ತ ದತ್ತಾಂಶದ ಇತಿಹಾಸ

ವಿಜ್ಞಾನದ ಇತಿಹಾಸ ಎಂದೊಡನೆ ಗೆಲಿಲಿಯೋ, ನ್ಯೂಟನ್ ಮುಂತಾದವರ ಹೆಸರುಗಳು, ದೂರದ ಊರುಗಳ ಪ್ರಯೋಗಾಲಯಗಳು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಕೃಷ್ಣಾ ಮತ್ತು ಭೀಮಾ ನದಿಗಳ ನಡುವೆ ಹರಡಿರುವ ಸುರಪುರ, ಶಹಾಪುರದ ಬಯಲಿಗೂ ಅದಕ್ಕೆ ಹೊಂದಿಕೊಂಡ ಯಾದಗಿರಿಗೂ ವಿಜ್ಞಾನದ ಇತಿಹಾಸದಲ್ಲಿ ಒಂದು ಸ್ಥಾನವಿದೆ. ಒಬ್ಬರು ಅಳೆದು ಬರೆದಿಟ್ಟದ್ದನ್ನು ಅವರ ಮುಖವನ್ನೇ ಕಾಣದ ಇನ್ನೊಬ್ಬರು ನೂರು ವರ್ಷಗಳ ನಂತರ ಹೇಗೆ ಬಳಸುತ್ತಾರೆ, ಹೇಗೆ ತಿದ್ದುತ್ತಾರೆ ಎಂಬುದಕ್ಕೆ ಈ ಮೂರು ಊರುಗಳು ಉತ್ತಮ ಉದಾಹರಣೆಗಳು.

ಇಂದು ‘ದತ್ತಾಂಶ ವಿಜ್ಞಾನ’ ಎಂಬ ಮಾತು ಕಾಲೇಜುಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ದೊಡ್ಡ ಗಣಕಯಂತ್ರ, ಹೊಸ ತಂತ್ರಾಂಶ, ಒಳ್ಳೆಯ ಸಂಬಳದ ಉದ್ಯೋಗ, ಇಷ್ಟೇ ಅದರ ಅರ್ಥ ಎಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಗಣಕ ಬರುವುದಕ್ಕೆ ಬಹಳ ಮೊದಲೇ ಈ ವಿಜ್ಞಾನದ ಮೂಲ ನಿಯಮಗಳು ರೂಪುಗೊಂಡಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಇದು: ದತ್ತಾಂಶವು ಎಲ್ಲರಿಗೂ ತೆರೆದಿರಬೇಕು ಮತ್ತು ಅದನ್ನು ಪರಿಶೀಲಿಸುವ ಒಂದು ಸಮುದಾಯವಿರಬೇಕು. ಈ ನಿಯಮ ಪಾಲನೆಯಾದಾಗ ಏನಾಯಿತು, ಪಾಲನೆಯಾಗದಿದ್ದರೆ ಏನಾಗಬಹುದು ಎಂಬುದನ್ನು ಈಗ ನೋಡೋಣ.

ಸುರಪುರ: ತಪ್ಪು ಸಿದ್ಧಾಂತ, ಸರಿಯಾದ ಮಾಪನ

ಫಿಲಿಪ್ ಮೆಡೋಸ್ ಟೇಲರ್ ಅವರ ಹೆಸರು ಸುರಪುರದವರಿಗೆ ಹೊಸದಲ್ಲ. ಬಾಲಕ ರಾಜ ವೆಂಕಟಪ್ಪ ನಾಯಕರು ಪ್ರಾಪ್ತ ವಯಸ್ಕರಾಗುವವರೆಗೆ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಈ ಬ್ರಿಟಿಷ್ ಅಧಿಕಾರಿ 1841ರ ಸುಮಾರಿನಿಂದ 1853ರವರೆಗೆ ಇಲ್ಲಿದ್ದರು. ಅವರು ವಾಸವಾಗಿದ್ದ ‘ಟೇಲರ್ ಮಂಜಿಲ್’ ಇಂದಿಗೂ ಊರಿನಲ್ಲಿದೆ. ಕಾದಂಬರಿಕಾರರೆಂದು ಅವರು ಪ್ರಸಿದ್ಧರು. ಆದರೆ ಪುರಾತತ್ವಕ್ಕೆ ಅವರು ನೀಡಿದ ಕೊಡುಗೆ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಆಡಳಿತದ ಕೆಲಸಕ್ಕಾಗಿ ಊರೂರು ಸುತ್ತುವಾಗ ಟೇಲರ್ ಅವರ ಕಣ್ಣಿಗೆ ಬಿದ್ದದ್ದು ಬೃಹತ್ ಶಿಲಾ ಸಮಾಧಿಗಳು. ರಾಜನಕೋಳೂರು, ಹಗರಟಗಿ, ಜೇವರ್ಗಿ ಮುಂತಾದ ಕಡೆಗಳಲ್ಲಿ ಚಪ್ಪಡಿ ಕಲ್ಲುಗಳ ಕೋಣೆಗಳನ್ನೂ ಕಲ್ಲುಗುಪ್ಪೆಗಳನ್ನೂ ಅವರು ಕಂಡರು. ಕೆಲವನ್ನು ಅಗೆಸಿ ನೋಡಿದರು. ಉದ್ದ, ಅಗಲ, ಆಳಗಳನ್ನು ಅಳೆದರು. ಯಾವ ಪದರದಲ್ಲಿ ಮಣ್ಣು, ಯಾವ ಪದರದಲ್ಲಿ ಕಲ್ಲು, ಎಲ್ಲಿ ಮೂಳೆ, ಎಲ್ಲಿ ಮಡಕೆ ಎಂಬುದನ್ನು ತೋರಿಸುವ ಅಡ್ಡಕೊಯ್ತದ ಚಿತ್ರಗಳನ್ನು ಬರೆದರು. ಇವೆಲ್ಲವೂ 1851 ಮತ್ತು 1853ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟವಾದವು. 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಪ್ರಕಟಣೆಯಲ್ಲಿಯೂ ವಿಸ್ತಾರವಾದ ಲೇಖನವೊಂದು ಬಂದಿತು.

ಟೇಲರ್ ಅವರು ತಲುಪಿದ ತೀರ್ಮಾನವಾದರೂ ಏನು? ಯೂರೋಪಿನ ಸೆಲ್ಟ್ ಜನರ ಅಥವಾ ಮಧ್ಯ ಏಷ್ಯಾದ ಸಿಥಿಯನ್ನರ ಸಂಬಂಧಿಗಳು ಇವನ್ನು ಕಟ್ಟಿರಬೇಕು ಎಂದು ಅವರು ನಂಬಿದ್ದರು. ಈ ಅಭಿಪ್ರಾಯ ನಿಲ್ಲಲಿಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದ ನಂತರ, ದಕ್ಷಿಣ ಭಾರತದ ಇಂಥ ಸಮಾಧಿಗಳನ್ನು ಇಲ್ಲಿಯದೇ ಕಬ್ಬಿಣ ಯುಗದ ಸಂಸ್ಕೃತಿಯ ಭಾಗವಾಗಿ, ಪದರಗಳ ಆಧಾರದ ಮೇಲೆ ಅಧ್ಯಯನ ಮಾಡುವುದು ರೂಢಿಯಾಯಿತು.

ಗಮನಿಸಬೇಕಾದ ಸಂಗತಿ ಮುಂದಿದೆ. ಟೇಲರ್ ಅವರ ಸಿದ್ಧಾಂತ ಬಿದ್ದುಹೋದರೂ ಅವರ ಚಿತ್ರಗಳು ಉಳಿದವು. ಉತ್ಖನನದ ವಿಧಾನವನ್ನು ಕುರಿತು 1954ರಲ್ಲಿ ಬರೆದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಇದೇ ವೀಲರ್ ಅವರು ಟೇಲರ್ ಅವರ ಅಡ್ಡಕೊಯ್ತದ ಚಿತ್ರವನ್ನು ಅಚ್ಚು ಹಾಕಿ, ಆ ಕಾಲಕ್ಕೆ ಅದು ಅಪರೂಪದ ಕೆಲಸವೆಂದು ಮೆಚ್ಚಿಕೊಂಡರು. ಅದಕ್ಕೂ ಮೊದಲೇ, 1941ರಲ್ಲಿ, ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯು ಟೇಲರ್ ಅವರ ಲೇಖನಗಳನ್ನು ಒಟ್ಟುಗೂಡಿಸಿ ಮತ್ತೆ ಪ್ರಕಟಿಸಿತ್ತು.

ಟೇಲರ್ ಅವರು ತಮ್ಮ ಅಭಿಪ್ರಾಯವನ್ನು ಮಾತ್ರ ಬರೆದು, ಅಳತೆಗಳನ್ನು ಮನೆಯ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರೆ ಇಂದು ನಮಗೆ ದೊರೆಯುತ್ತಿದ್ದದ್ದು ಒಂದು ತಪ್ಪು ಊಹೆ ಮಾತ್ರ. ಅಗೆದ ಸಮಾಧಿಯನ್ನು ಮತ್ತೆ ಮೊದಲಿನಂತೆ ಅಗೆಯಲು ಸಾಧ್ಯವಿಲ್ಲ ಎಂಬುದನ್ನು ನೆನಪಿಡಿ. ಭೌತವಿಜ್ಞಾನದ ಪ್ರಯೋಗವನ್ನು ನಾವು ಪುನರಾವರ್ತಿಸಬಹುದು; ಉತ್ಖನನದಲ್ಲಿ ಆ ಅವಕಾಶ ಒಂದೇ ಸಲ.

ಹುಣಸಗಿ: ಒಂದು ಹಲ್ಲು, ಹಲವು ಲೆಕ್ಕ

ಟೇಲರ್ ಅವರ ನಂತರ ಸುಮಾರು ಒಂದು ಶತಮಾನ ಕಳೆದು, ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಇದೇ ಪ್ರದೇಶಕ್ಕೆ ಬಂದರು. ಕೃಷ್ಣಾ-ಭೀಮಾ ನಡುವಿನ ಈ ಭೂಭಾಗವನ್ನು ಸಂಶೋಧಕರು ‘ಶೋರಾಪುರ ದೋಆಬ್’ ಎಂದು ಕರೆಯುತ್ತಾರೆ. 1960ರ ದಶಕದಲ್ಲಿ ಪಿಎಚ್.ಡಿ. ಅಧ್ಯಯನದಿಂದ ಆರಂಭವಾದ ಪದ್ದಯ್ಯ ಅವರ ಕೆಲಸ ದಶಕಗಳ ಕಾಲ ನಡೆಯಿತು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಆದಿಮಾನವರ ಕಲ್ಲಿನ ಆಯುಧಗಳಿರುವ ಬಹುಸಂಖ್ಯೆಯ ನೆಲೆಗಳನ್ನು ಅವರು ಗುರುತಿಸಿದರು. ಹುಣಸಗಿಯ ಸಮೀಪದ ಇಸಾಂಪುರದಲ್ಲಿ 1997ರಿಂದ 2001ರವರೆಗೆ ನಡೆದ ಉತ್ಖನನದಲ್ಲಿ, ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಸ್ಥಳವೇ ಬೆಳಕಿಗೆ ಬಂದಿತು.

ಈ ನೆಲೆಯ ವಯಸ್ಸನ್ನು ತಿಳಿಯಲು ಬಳಸಿದ ವಿಧಾನ ಭೌತವಿಜ್ಞಾನದ್ದು: ಎಲೆಕ್ಟ್ರಾನ್ ಸ್ಪಿನ್ ಅನುರಣನೆ. ಮಣ್ಣಿನಲ್ಲಿ ಹುದುಗಿದ ಪ್ರಾಣಿಯ ಹಲ್ಲಿನ ಮೇಲೆ ಸುತ್ತಲಿನ ವಿಕಿರಣಶೀಲ ಧಾತುಗಳ ವಿಕಿರಣ ಬೀಳುತ್ತಲೇ ಇರುತ್ತದೆ. ಅದರಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳು ಹಲ್ಲಿನ ಎನಾಮಲ್‌ನ ಸ್ಫಟಿಕ ದೋಷಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಲ ಕಳೆದಂತೆ ಇವುಗಳ ಸಂಖ್ಯೆ ಹೆಚ್ಚುತ್ತದೆ. ಈವರೆಗೆ ಸಂಗ್ರಹವಾದ ಒಟ್ಟು ವಿಕಿರಣ ಪ್ರಮಾಣವನ್ನು ಒಂದು ವರ್ಷದ ಪ್ರಮಾಣದಿಂದ ಭಾಗಿಸಿದರೆ ವಯಸ್ಸು ದೊರೆಯುತ್ತದೆ. ಇಸಾಂಪುರದ ಹಲ್ಲುಗಳಿಗೆ ಹೀಗೆ ದೊರೆತ ವಯಸ್ಸು ಸುಮಾರು 12 ಲಕ್ಷ ವರ್ಷ.

ಭಾಗಾಕಾರ ಸುಲಭವೇ ಹೌದು. ಆದರೆ ವರ್ಷಕ್ಕೆ ಎಷ್ಟು ವಿಕಿರಣ ಎಂಬುದು, ಹಲ್ಲು ತನ್ನೊಳಗೆ ಯುರೇನಿಯಂ ಅನ್ನು ಯಾವಾಗ ಹೀರಿಕೊಂಡಿತು ಎಂಬುದನ್ನು ಅವಲಂಬಿಸಿದೆ. ಹುದುಗಿದ ಹೊಸತರಲ್ಲಿಯೇ ಹೀರಿಕೊಂಡಿತು ಎಂದರೆ ಒಂದು ವಯಸ್ಸು, ನಿಧಾನವಾಗಿ ಸಮಪ್ರಮಾಣದಲ್ಲಿ ಹೀರಿಕೊಂಡಿತು ಎಂದರೆ ಅದಕ್ಕಿಂತ ಹೆಚ್ಚಿನ ಇನ್ನೊಂದು ವಯಸ್ಸು. ಆದ್ದರಿಂದ ‘12 ಲಕ್ಷ ವರ್ಷ’ ಎಂಬ ಅಂತಿಮ ಸಂಖ್ಯೆಯೊಂದೇ ಸಾಲದು. ಯಾವ ಆಧಾರಗಳ ಮೇಲೆ ಅದು ಬಂದಿತು ಎಂಬುದೂ ಎಲ್ಲರಿಗೂ ಕಾಣಬೇಕು. ಈ ಫಲಿತಾಂಶಗಳು 2002ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದವು. ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಇಂದು ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣ ನೀಡದೆ ಓದಬಹುದು. ಹುಣಸಗಿಯ ಪ್ರೌಢಶಾಲೆಯ ಶಿಕ್ಷಕರೂ ಓದಬಹುದು.

ಶಹಾಪುರ: ಸಾಲುಗಲ್ಲುಗಳು ಸೂರ್ಯನನ್ನು ನೋಡುತ್ತವೆಯೇ?

ಶಹಾಪುರ ಎಂದರೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಅನೇಕರಿಗೆ ನೆನಪಾಗುತ್ತದೆ. ಅದರ ಸಮೀಪದ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಕ್ರಮಬದ್ಧ ಸಾಲುಗಳಲ್ಲಿ ಇಟ್ಟಿರುವ ಪ್ರಾಚೀನ ನೆಲೆಯಿದೆ. ಟೇಲರ್ ಅವರೂ ಇದನ್ನು ದಾಖಲಿಸಿದ್ದರು. 1956ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ ಅವರು ದಕ್ಷಿಣ ಹೈದರಾಬಾದ್ ಪ್ರದೇಶದ ಇಂಥ ಕಲ್ಲುಸಾಲುಗಳ ಬಗ್ಗೆ ಲೇಖನ ಬರೆದರು. 2005ರಲ್ಲಿ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು, ಇಲ್ಲಿಯ ಕೆಲವು ದೃಷ್ಟಿರೇಖೆಗಳು ಅತಿ ದೀರ್ಘ ಹಗಲಿನ ಮತ್ತು ಅತಿ ಹ್ರಸ್ವ ಹಗಲಿನ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳತ್ತ ಇವೆ ಎಂಬ ವಿಚಾರವನ್ನು ಮಂಡಿಸಿದರು.

ಇದನ್ನು ನೀವೂ ಪರೀಕ್ಷಿಸಬಹುದು. ಜೂನ್ 21ರ ಸುಮಾರಿಗೆ ಸೂರ್ಯನ ಕ್ರಾಂತಿಕೋನ 23.4 ಡಿಗ್ರಿ. ಶಹಾಪುರದ ಅಕ್ಷಾಂಶ ಸುಮಾರು 16.7 ಡಿಗ್ರಿ. ಕ್ರಾಂತಿಕೋನದ ಸೈನ್ ಬೆಲೆಯನ್ನು ಅಕ್ಷಾಂಶದ ಕೊಸೈನ್ ಬೆಲೆಯಿಂದ ಭಾಗಿಸಿದರೆ 0.415 ಬರುತ್ತದೆ. ಇದು 24.5 ಡಿಗ್ರಿಯ ಸೈನ್. ಅಂದರೆ ಅಂದು ಸೂರ್ಯ ನೇರ ಪೂರ್ವಕ್ಕಿಂತ 24.5 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೆ. ಮೂರು ಸಾವಿರ ವರ್ಷಗಳ ಹಿಂದೆ ಭೂಮಿಯ ಅಕ್ಷದ ಓರೆ ಸ್ವಲ್ಪ ಹೆಚ್ಚಿದ್ದುದರಿಂದ ಈ ಕೋನ 24.9 ಡಿಗ್ರಿಯಷ್ಟಿತ್ತು. ಕೈಯಲ್ಲಿ ಹಿಡಿಯುವ ದಿಕ್ಸೂಚಿಗೆ ಈ ವ್ಯತ್ಯಾಸ ನಿಲುಕುವುದಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೂರು ಕಲ್ಲುಗಳಿವೆ ಎಂದುಕೊಳ್ಳಿ. ಎರಡೆರಡು ಕಲ್ಲುಗಳನ್ನು ಸೇರಿಸಿ ರೇಖೆ ಎಳೆದರೆ 4,950 ರೇಖೆಗಳಾಗುತ್ತವೆ. ರೇಖೆಯ ದಿಕ್ಕು 180 ಡಿಗ್ರಿಗಳಲ್ಲಿ ಎಲ್ಲಿಯಾದರೂ ಇರಬಹುದು. ನಮಗೆ ಬೇಕಾದ ದಿಕ್ಕುಗಳು ಎರಡು. ಒಂದೊಂದರ ಆಚೀಚೆ ಒಂದು ಡಿಗ್ರಿ ಬಿಟ್ಟುಕೊಟ್ಟರೆ ಒಟ್ಟು 4 ಡಿಗ್ರಿ. ಅಂದರೆ 45ರಲ್ಲಿ 1 ಭಾಗ. ಕಲ್ಲುಗಳು ಎಲ್ಲೆಂದರಲ್ಲಿ ಬಿದ್ದಿದ್ದರೂ ಸುಮಾರು 110 ರೇಖೆಗಳು ಆಕಸ್ಮಿಕವಾಗಿಯೇ ಸೂರ್ಯನತ್ತ ತೋರುತ್ತವೆ! ಕಲ್ಲುಗಳು ಸಾಲಾಗಿದ್ದರೆ ಒಂದೇ ದಿಕ್ಕಿನ ರೇಖೆಗಳು ಮತ್ತೆ ಮತ್ತೆ ಬರುವುದರಿಂದ ಲೆಕ್ಕ ಇನ್ನಷ್ಟು ಜಟಿಲವಾಗುತ್ತದೆ.

ಹಾಗೆಂದು ಕಾಮೇಶ್ವರ ರಾವ್ ಅವರ ವಿಚಾರ ತಪ್ಪೆಂದು ಅರ್ಥವಲ್ಲ. ಹೊಂದಿಕೆಯಾದ ರೇಖೆಗಳ ಜೊತೆಗೆ ಹೊಂದಿಕೆಯಾಗದ ರೇಖೆಗಳೂ ನಮ್ಮ ಮುಂದಿರಬೇಕು, ಪ್ರತಿಯೊಂದು ಕಲ್ಲಿನ ಸ್ಥಾನವೂ ದಾಖಲಾಗಬೇಕು ಎಂದು ಮಾತ್ರ ಅರ್ಥ. ಆಗ ಒಬ್ಬರು ಖಗೋಳದ ದೃಷ್ಟಿಯಿಂದ, ಇನ್ನೊಬ್ಬರು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದೇ ಪಟ್ಟಿಯನ್ನು ಪರಿಶೀಲಿಸಬಹುದು. ಹೊಲ, ರಸ್ತೆ, ಕಲ್ಲುಗಣಿಗಳಿಗಾಗಿ ದಖನ್ನಿನ ಎಷ್ಟೋ ಬೃಹತ್ ಶಿಲಾ ನೆಲೆಗಳು ಈಗಾಗಲೇ ನಾಶವಾಗಿವೆ. ಒಂದು ಕಲ್ಲು ಜಾಗ ಬಿಟ್ಟಿತೆಂದರೆ ಅದರ ಸ್ಥಾನ ಯಾರಾದರೂ ಬರೆದಿಟ್ಟ ಪಟ್ಟಿಯಲ್ಲಿ ಮಾತ್ರ ಉಳಿಯುತ್ತದೆ.

ಯಾದಗಿರಿ: ಐದೂವರೆ ಲಕ್ಷ ಜನ ಎಲ್ಲಿ ಹೋದರು?

ಈಗ ಕಲ್ಲುಗಳನ್ನು ಬಿಟ್ಟು ಜನರ ಲೆಕ್ಕಕ್ಕೆ ಬರೋಣ. 2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ ಸುಮಾರು 31.31 ಲಕ್ಷ. 2011ರಲ್ಲಿ ಅದೇ ಹೆಸರಿನ ಜಿಲ್ಲೆಯ ಜನಸಂಖ್ಯೆ ಸುಮಾರು 25.66 ಲಕ್ಷ. ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆಯಾದರು! ದುಡಿಮೆಗಾಗಿ ಗುಳೆ ಹೋಗುವುದು ಈ ಭಾಗದಲ್ಲಿ ಸಾಮಾನ್ಯವಾದ್ದರಿಂದ, ಗುಳೆಯೇ ಇದಕ್ಕೆ ಕಾರಣವೆಂದು ವಿದ್ಯಾರ್ಥಿಯೊಬ್ಬರು ಪ್ರಬಂಧ ಬರೆದರೆ ಓದುಗರು ನಂಬಿಯೂ ಬಿಡಬಹುದು.

ನಿಜ ಸಂಗತಿ ಬೇರೆ. 2010ರ ಏಪ್ರಿಲ್‌ನಲ್ಲಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳು ಗುಲ್ಬರ್ಗಾದಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದವು. 2011ರಲ್ಲಿ ಈ ಹೊಸ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ. 2001ರಲ್ಲಿ ಯಾದಗಿರಿ ಜಿಲ್ಲೆಯೇ ಇರಲಿಲ್ಲ. ಹಳೆಯ ಕೋಷ್ಟಕದಲ್ಲಿ ಆ ಮೂರು ತಾಲ್ಲೂಕುಗಳ ಅಂಕಿಗಳನ್ನು ಹುಡುಕಿ ಕೂಡಿಸಿದರೆ ಸುಮಾರು 9.56 ಲಕ್ಷ ಬರುತ್ತದೆ. ಹಾಗಾದರೆ ಯಾದಗಿರಿ ಭಾಗದಲ್ಲಿ ಶೇ. 23ರಷ್ಟು, ಉಳಿದ ಗುಲ್ಬರ್ಗಾದಲ್ಲಿ ಶೇ. 18ರಷ್ಟು ಹೆಚ್ಚಳವಾಗಿದೆ. ಇಳಿಕೆ ಎಂಬುದು ನಕ್ಷೆಯ ಗೆರೆ ಸರಿದುದರ ಪರಿಣಾಮ ಮಾತ್ರ.

ಹೆಸರುಗಳ ತೊಡಕೂ ಇದೆ. ಒಂದು ಕೋಷ್ಟಕದಲ್ಲಿ ‘ಸುರಪುರ’, ಇನ್ನೊಂದರಲ್ಲಿ ‘ಶೋರಾಪುರ’. ನಮಗೆ ಎರಡೂ ಒಂದೇ ಊರು. ಗಣಕಕ್ಕೆ ಎರಡು ಊರು. 2014ರಲ್ಲಿ ಗುಲ್ಬರ್ಗಾ ‘ಕಲಬುರಗಿ’ಯಾಯಿತು. ಮುಂದೆ ಹುಣಸಗಿ, ವಡಗೇರಾ, ಗುರುಮಠಕಲ್ ಹೊಸ ತಾಲ್ಲೂಕುಗಳಾಗಿ, ಮೂರು ಇದ್ದದ್ದು ಆರಾಯಿತು. 2021ರ ಜನಗಣತಿ ಮುಂದಕ್ಕೆ ಹೋಗಿ, ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಪಡಿಸಲಾಗಿದೆ. ಆಗ ಹಳೆಯ ಸುರಪುರ ತಾಲ್ಲೂಕನ್ನು ಹೊಸ ಸುರಪುರದೊಡನೆ ಹೋಲಿಸುವವರು ಇದೇ ಗುಂಡಿಗೆ ಬೀಳುವ ಸಾಧ್ಯತೆಯಿದೆ.

ಇದು ಕೇವಲ ಪರೀಕ್ಷೆಯ ಲೆಕ್ಕವಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನು ಅಳೆಯಿತು. ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ನಮ್ಮ ಈ ಮೂರೂ ಸೇರಿದ್ದವು. 2011ರ ಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52, ರಾಜ್ಯದ ಸರಾಸರಿ ಸುಮಾರು ಶೇ. 75. ಶಾಲೆ, ಆಸ್ಪತ್ರೆ, ಅನುದಾನ ಎಲ್ಲವೂ ಇಂಥ ಅಂಕಿಗಳನ್ನು ನೋಡಿಯೇ ನಿರ್ಧಾರವಾಗುತ್ತವೆ. ಅಂಕಿ ತಪ್ಪಾದರೆ ಅದರ ಬೆಲೆ ತೆರುವವರು ಇಲ್ಲಿಯ ಮಕ್ಕಳು.

ಸಮುದಾಯ ಹುಟ್ಟಿದ ಬಗೆ

ಇಂಥ ತೊಡಕುಗಳನ್ನು ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ಕುಳಿತು ಮತ್ತೆ ಮತ್ತೆ ಬಿಡಿಸುವುದು ಶ್ರಮದ ಅಪವ್ಯಯ. ಒಬ್ಬರು ಬಿಡಿಸಿದ್ದನ್ನು ಎಲ್ಲರೂ ಬಳಸುವಂತಾದರೆ? ಈ ಆಲೋಚನೆಯಿಂದ 2011ರಲ್ಲಿ ಬೆಂಗಳೂರಿನಲ್ಲಿ ‘ಡೇಟಾಮೀಟ್’ ಎಂಬ ಸಮುದಾಯ ಆರಂಭವಾಯಿತು. ತಂತ್ರಾಂಶ ಬಲ್ಲವರು, ಪತ್ರಕರ್ತರು, ಸಂಶೋಧಕರು, ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಸೇರಿ ಸಾರ್ವಜನಿಕ ದತ್ತಾಂಶದ ಬಗ್ಗೆ ಚರ್ಚಿಸತೊಡಗಿದರು. ರಾಜ್ಯ, ಜಿಲ್ಲೆ, ಚುನಾವಣಾ ಕ್ಷೇತ್ರಗಳ ಗಡಿರೇಖೆಗಳನ್ನು ಗಣಕಕ್ಕೆ ಅರ್ಥವಾಗುವ ರೂಪದಲ್ಲಿ ಸಿದ್ಧಪಡಿಸಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದಂತೆ ಇಟ್ಟದ್ದು ಅವರ ಮುಖ್ಯ ಕೆಲಸಗಳಲ್ಲೊಂದು. ಜಿಲ್ಲಾ ನಕ್ಷೆಗಾಗಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಪರದಾಡುತ್ತಿದ್ದ ಆ ದಿನಗಳಲ್ಲಿ ಇದು ಸಣ್ಣ ಸಹಾಯವಾಗಿರಲಿಲ್ಲ.

ಸರ್ಕಾರದ ಕಡೆಯಿಂದಲೂ ಬಾಗಿಲು ನಿಧಾನವಾಗಿ ತೆರೆಯಿತು. 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿತು. 2012ರಲ್ಲಿ ಕೇಂದ್ರ ಸರ್ಕಾರವು ದತ್ತಾಂಶ ಹಂಚಿಕೆಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ, ಅದಕ್ಕಾಗಿಯೇ ಒಂದು ಜಾಲತಾಣವನ್ನು ಆರಂಭಿಸಿತು. 2021ರ ಫೆಬ್ರವರಿಯಲ್ಲಿ ನಕ್ಷೆ ತಯಾರಿಕೆಯ ಮೇಲಿನ ಹಳೆಯ ನಿರ್ಬಂಧಗಳು ಬಹುಮಟ್ಟಿಗೆ ಸಡಿಲವಾದವು. ಇತ್ತ 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಜನರೇ ರಚಿಸುವ ನಕ್ಷೆ ಜಗತ್ತಿನಾದ್ಯಂತ ಹರಡಿತು.

ನೀವು ಸೇರುವುದು ಹೇಗೆ?

ಇಂಥ ಸಮುದಾಯಕ್ಕೆ ಸೇರಲು ಗಣಕದ ಕ್ರಮವಿಧಿ ಬರೆಯಲು ಬರಬೇಕೆಂದಿಲ್ಲ. ಸ್ಥಳೀಯ ತಿಳಿವಳಿಕೆಯೇ ದೊಡ್ಡ ಬಂಡವಾಳ. ಬೆಂಗಳೂರಿನಲ್ಲಿ ಕುಳಿತವರಿಗೆ ಒಂದೇ ಹೆಸರಿನ ಎರಡು ಹಳ್ಳಿಗಳಲ್ಲಿ ಯಾವುದು ಶಹಾಪುರದ ಕಡೆಯದು, ಯಾವುದು ವಡಗೇರಾ ಕಡೆಯದು ಎಂದು ಹೇಗೆ ಗೊತ್ತಾಗಬೇಕು? ನಿಮಗೆ ಗೊತ್ತು. ನಕ್ಷೆಯಲ್ಲಿ ನಿಮ್ಮ ಹಳ್ಳಿಯ ಹೆಸರಿನ ಕಾಗುಣಿತವನ್ನು ಕನ್ನಡದಲ್ಲಿ ಸರಿಪಡಿಸುವುದೇ ಮೊದಲ ಕಾಣಿಕೆಯಾಗಬಹುದು.

ಹೊಸ ದತ್ತಾಂಶ ಸಂಗ್ರಹಿಸಬೇಕೆಂದರೆ ಸುಲಭವಾದದ್ದರಿಂದ ತೊಡಗಿ. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಟೇಲರ್ ಅವರ ಆತ್ಮಕಥೆಯಲ್ಲಿಯೂ ಬರುತ್ತದೆ. ಇಂದು ಅದು ಪಕ್ಷಿಧಾಮ. ತಿಂಗಳಿಗೊಮ್ಮೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿ, ನಿಗದಿತ ಜಾಗದಲ್ಲಿ ನಿಂತು, ನಿಗದಿತ ಸಮಯದವರೆಗೆ ಹಕ್ಕಿಗಳನ್ನು ಎಣಿಸಿ. 2002ರಲ್ಲಿ ಆರಂಭವಾದ ‘ಇ-ಬರ್ಡ್’ ಎಂಬ ಮುಕ್ತ ಕೋಶಕ್ಕೆ ಅದನ್ನು ಸೇರಿಸಬಹುದು. ಒಂದು ಜಾತಿಯ ಹಕ್ಕಿ ಅಂದು ಕಾಣದಿದ್ದರೆ ಅದೂ ದತ್ತಾಂಶವೇ. ಸೊನ್ನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾವುದನ್ನೇ ದಾಖಲಿಸಿದರೂ ಐದು ಸಂಗತಿಗಳು ಜೊತೆಗಿರಲಿ: ಯಾವ ಸ್ಥಳ, ಯಾವ ದಿನ ಮತ್ತು ವೇಳೆ, ಯಾವ ಉಪಕರಣ, ಯಾವ ಏಕಮಾನ, ಎಷ್ಟು ದೋಷದ ಸಾಧ್ಯತೆ. ಇವಿಲ್ಲದ ಸಂಖ್ಯೆ ವಿಳಾಸವಿಲ್ಲದ ಅಂಚೆಯಂತೆ. ಬಳಸುವವರು ಯಾವ ಷರತ್ತಿನ ಮೇಲೆ ಬಳಸಬಹುದು ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಪ್ರಾಮಾಣಿಕರು ಹಿಂಜರಿಯುತ್ತಾರೆ.

ಮುಕ್ತತೆಗೂ ಮಿತಿಯುಂಟು. ವ್ಯಕ್ತಿಗಳ ಹೆಸರು, ಕಾಯಿಲೆ, ಜಾತಿ, ಫೋನ್ ಸಂಖ್ಯೆಗಳನ್ನು ಬಯಲಿಗಿಡುವುದು ವಿಜ್ಞಾನವಲ್ಲ. ಪ್ರಾಚೀನ ನೆಲೆಗಳಲ್ಲಿ ಅಗೆಯುವುದು, ಕಲ್ಲು ಸರಿಸುವುದು, ಆಯುಧಗಳನ್ನು ಮನೆಗೆ ಒಯ್ಯುವುದು ಸಲ್ಲದು. ರಕ್ಷಿತ ಸ್ಮಾರಕಗಳಲ್ಲಿ ಅದು ಅಪರಾಧವೂ ಹೌದು. ಹೊಸ ನೆಲೆಯೊಂದು ಕಣ್ಣಿಗೆ ಬಿದ್ದರೆ ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ. ನಿಧಿಗಳ್ಳರೂ ಅಂತರ್ಜಾಲ ಓದುತ್ತಾರೆ.

ನಿಮ್ಮ ದಾಖಲೆಯನ್ನು ಯಾರಾದರೂ ತಿದ್ದಿದಾಗ ಬೇಸರಪಡಬೇಡಿ. ಸುರಪುರದ ಸಮಾಧಿಗಳ ಬಗ್ಗೆ ಟೇಲರ್ ಹೇಳಿದ್ದನ್ನು ಮುಂದಿನವರು ತಳ್ಳಿಹಾಕಲು ಸಾಧ್ಯವಾದದ್ದೂ, ಆದರೂ ಅವರನ್ನು ಗೌರವದಿಂದ ನೆನೆಯುವಂತಾದದ್ದೂ ಅವರು ತಮ್ಮ ಅಳತೆಗಳನ್ನು ತೆರೆದಿಟ್ಟದ್ದರಿಂದಲೇ. ಈ ವರ್ಷ ನಿಮ್ಮ ಶಾಲೆಯ ವಿಜ್ಞಾನ ಸಂಘ ಒಂದು ಕೆಲಸ ಮಾಡಲಿ. 2027ರ ಅಂಕಿಗಳು ಬರುವ ಮುನ್ನ, 2011ರ ಪಟ್ಟಿಯಲ್ಲಿರುವ ನಿಮ್ಮ ತಾಲ್ಲೂಕಿನ ಪ್ರತಿಯೊಂದು ಹಳ್ಳಿಯ ಮುಂದೆ ಅದು ಈಗ ಯಾವ ತಾಲ್ಲೂಕಿನಲ್ಲಿದೆ ಎಂದು ಬರೆದು, ಗ್ರಾಮ ಪಂಚಾಯಿತಿಯಲ್ಲಿ ಪರಿಶೀಲಿಸಿ, ಎಲ್ಲರಿಗೂ ಸಿಗುವಂತೆ ಪ್ರಕಟಿಸಿ. ಒಂದು ನೋಟ್ ಪುಸ್ತಕ, ಕೆಲವು ಶನಿವಾರಗಳು ಸಾಕು. ಮುಂದೆ ಈ ಜಿಲ್ಲೆಯ ಬಗ್ಗೆ ಲೆಕ್ಕ ಹಾಕುವ ಪ್ರತಿಯೊಬ್ಬರಿಗೂ ಆ ಪಟ್ಟಿ ಬೇಕಾಗುತ್ತದೆ.